ಅಕ್ಕ ಕಳಿಸಿದ ಬಿಲ್ಲುಗಾರರು

ಅಕ್ಕ ಮಾತು ಬಿಟ್ಟ ಮೇಲೆಯೂ ಅವಳ ಬಿಲ್ಲುಗಾರರು ಮಾತ್ರ ದಿನಾ ಸಂಜೆ ತಪ್ಪದೆ ಬರುತ್ತಿದ್ದರು. ಶಹಾಪುರದ ಪೇಟೆಯಲ್ಲಿರುವ ನನ್ನ ಪಾತ್ರೆ ಭಾಂಡಿಯ ಅಂಗಡಿಯಲ್ಲಿ ದೀಪ ಹಚ್ಚಿ, ಊದಿನಕಡ್ಡಿ ಬೆಳಗಿ, ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಫೋನು ತೆಗೆದೆನೆಂದರೆ, ಹಸಿರು ಬಾವುಟದ ಒಂದು ಸಾಲು ಹೊಲ ದಾಟಿ, ಹಳ್ಳ ದಾಟಿ ನನ್ನ ಕೋಟೆಯತ್ತ ಬರುತ್ತಿರುವುದು ಕಾಣುತ್ತಿತ್ತು. ಬಾವುಟದ ಮೇಲೆ ಗಿಳಿಯ ಚಿತ್ರ. ಗಿಳಿ ಅಂದರೆ ಅಕ್ಕ. ಅವರು ಬಾಗಿಲ ಮುಂದೆ ನಿಂತು ಒಂದು ಸಲ ಕೊಂಬು ಊದುತ್ತಿದ್ದರು. ನಾನು ಬಾಗಿಲ ಮೇಲೆ ಬೆರಳಿಟ್ಟರೆ ಒಳಗೆ ಬರುತ್ತಿದ್ದರು. ಅಷ್ಟೇ. ಅಕ್ಕನಿಗೂ ನನಗೂ ಉಳಿದಿದ್ದ ಮಾತುಕತೆ ಅದೊಂದೇ.

ಇದು ಫೋನಿನ ಆಟ. ತಲೆಗೂದಲು ಬೆಳ್ಳಗಾದವನ ಬಾಯಲ್ಲಿ ಈ ಮಾತು ಚಂದ ಕೇಳಿಸುವುದಿಲ್ಲ, ಗೊತ್ತು. ಗಿರಾಕಿ ಬಂದು ತಂಬಿಗೆ ಕೇಳಿದರೆ ಬಕೀಟು ತೆಗೆದುಕೊಟ್ಟ ದಿನಗಳೂ ಇವೆ. ಆಟ ಏನೆಂದರೆ, ಆಡುವ ಒಬ್ಬೊಬ್ಬರಿಗೂ ಒಂದೊಂದು ಕೋಟೆ. ಕೋಟೆಗೆ ಗೋಡೆ, ಬುರುಜು, ಬಾಗಿಲು, ಒಳಗೆ ಒಂದು ಉಗ್ರಾಣ. ಕಾಯಲು ಬಿಲ್ಲುಗಾರರಿದ್ದಾರೆ, ಬಂಡೆಗಲ್ಲಿನ ಮೈಯ ರಕ್ಕಸರಿದ್ದಾರೆ, ಬೆಂಕಿ ಉಗುಳುತ್ತ ಹಾರುವ ಹಾವುಗಳಿವೆ. ಗುರುತಿಲ್ಲದ ಎಲ್ಲೆಲ್ಲಿಯದೋ ಮಂದಿ ದಂಡು ಕಟ್ಟಿಕೊಂಡು ಬಂದು ಮುತ್ತಿಗೆ ಹಾಕುತ್ತಾರೆ. ಗೆದ್ದರೆ ಉಗ್ರಾಣ ದೋಚುತ್ತಾರೆ, ಕೋಟೆ ಸುಡುತ್ತಾರೆ. ಸೋತವನನ್ನು ಆಟವೇ ಎತ್ತಿ, ನಕ್ಷೆಯ ಯಾವುದೋ ಮೂಲೆಗೆ ಒಗೆಯುತ್ತದೆ. ಅದಕ್ಕೇ ಬೇಕಾದವರೆಲ್ಲ ಒಂದು ಬಳಗ ಮಾಡಿಕೊಂಡು ಅಕ್ಕಪಕ್ಕದಲ್ಲಿ ಕೋಟೆ ಕಟ್ಟುವುದು. ಬಳಗದವರು ನಿಮ್ಮ ಕೋಟೆ ಕಾಯಲು ತಮ್ಮ ಸೈನ್ಯ ಕಳಿಸಬಹುದು. ಆದರೆ ಬಂದವರು ಉಣ್ಣುವುದು ನಿಮ್ಮ ಕಾಳನ್ನು. ಮನೆಗೆ ಬಂದವರಿಗೆ ಉಣ್ಣಿಸಬೇಕಲ್ಲ, ಆ ಲೆಕ್ಕ ಅಲ್ಲಿಯೂ ಅದೇ.

ಸುರಪುರದ ಅಕ್ಕ ನಮ್ಮ ಮನೆಯ ಹೊಸ್ತಿಲು ತುಳಿದು, ಹೆಣ್ಣುಮಕ್ಕಳನ್ನು ತವರಿಗೆ ಕರೆತರುವ ನಾಗರಪಂಚಮಿ ಮೂರು ಕಳೆದಿದ್ದವು. ಅವಳು ಮತ್ತೆ ಬರುತ್ತಾಳೋ ಇಲ್ಲವೋ ಎನ್ನುವುದೊಂದೇ ನನ್ನ ಜೀವಕ್ಕೆ ಹತ್ತಿಕೊಂಡಿದ್ದ ವಿಚಾರ. ಉಳಿದದ್ದೆಲ್ಲ, ಈ ಕೋಟೆ, ಈ ಕಾಳು, ಈ ರಕ್ಕಸರು, ಅದರ ಸುತ್ತ ಹಬ್ಬಿದ ಬಳ್ಳಿ.

ನಾವು ಹುಟ್ಟಿದ್ದು ಯಾದಗಿರಿಯ ಮಗ್ಗುಲಿನ ಮುದನಾಳದಲ್ಲಿ. ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಹಕ್ಕಿ ಕಾಯುವ ಕೆಲಸ ನಮ್ಮಿಬ್ಬರದು. ಹೊಲದ ನಡುವೆ ನಾಲ್ಕು ಗೂಟ ನೆಟ್ಟು ಅಟ್ಟಣಿಗೆ ಕಟ್ಟುತ್ತಿದ್ದರು. ಅದರ ಮೇಲೆ ಅಕ್ಕ, ಕೈಯಲ್ಲಿ ಕವಣೆ, ಮಡಿಲಲ್ಲಿ ಮಣ್ಣಿನ ಹೆಂಟೆ. ಗಿಳಿಯ ಹಿಂಡು ಆಕಾಶದಲ್ಲಿ ಹೊರಳಿದ್ದೇ ತಡ, ಅಕ್ಕ ಎದ್ದು ನಿಂತು ಒಂದು ಕೂಗು ಹಾಕುತ್ತಿದ್ದಳು. ಆ ಕೂಗಿಗೆ ಅಕ್ಷರವಿಲ್ಲ, ಬರೆಯಲು ಬಾರದು. ಹೊಲದ ಈ ಬದುವಿನಿಂದ ಆ ಬದುವಿನವರೆಗೆ ಜೋಳದ ತೆನೆಯ ಮೇಲೆಯೇ ಹಾಸಿಕೊಂಡು ಹೋದಂತೆ ಹೋಗುತ್ತಿತ್ತು. ಕವಣೆ ಬೀಸುವಳು, ಆದರೆ ಹಕ್ಕಿಗೆ ಹೊಡೆಯುವಳಲ್ಲ. ಹಕ್ಕಿಯ ಮುಂದೆ ಬೀಳುವಂತೆ ಬೀಸುವಳು. ಯಾಕೆ ಎಂದು ಕೇಳಿದರೆ, ಅವಕ್ಕೂ ಹೊಟ್ಟೆ ಇಲ್ಲೇನು, ನಮ್ಮ ಹೊಲ ಬಿಟ್ಟು ಹೋದರೆ ಸಾಕು ಎನ್ನುವಳು. ಬಾಜೂ ಹೊಲದವರು ಈ ಮಾತು ಕೇಳಿ ಹಾಕಿದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ನಾನೂ ಕಾಯುತ್ತಿದ್ದೆ, ಅಟ್ಟಣಿಗೆಯ ಕೆಳಗಿನ ನೆರಳನ್ನು. ಅವ್ವ ಕೊಟ್ಟ ಮಜ್ಜಿಗೆಯ ಚರಗಿ ತಲೆಯ ಬಳಿ ಇಟ್ಟುಕೊಂಡು ಮಲಗಿಬಿಡುತ್ತಿದ್ದೆ. ನಿದ್ದೆಯ ಒಳಗೆ ಅಕ್ಕನ ಕೂಗು ಕೇಳಿಸುತ್ತಿತ್ತು. ಕೇಳಿಸುತ್ತಿದ್ದರಿಂದಲೇ ನಿದ್ದೆ ಹತ್ತುತ್ತಿತ್ತು ಎಂದರೂ ಸುಳ್ಳಲ್ಲ. ಈಗಲೂ ಒಮ್ಮೊಮ್ಮೆ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ಕಣ್ಣು ಎಳೆಯುತ್ತವೆ. ಆದರೆ ಆ ನಿದ್ದೆ ಬರುವುದಿಲ್ಲ. ಮೇಲೆ ಯಾರೋ ಎದ್ದು ನಿಂತಿದ್ದಾರೆ ಎಂಬ ಧೈರ್ಯದ ನಿದ್ದೆ ಅದು.

ಕೋಟೆಯ ಮಾತು ನಮಗೆ ಹೊಸದೇನಲ್ಲ. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಶಹಾಪುರದ ಗುಡ್ಡದ ಮೇಲಿನ ಗೋಡೆಗಳನ್ನು ನೋಡಿದರೆ ಸಾಕು, ಎಲೆ ಅಡಿಕೆ ಒಂದು ಕಡೆ ಒತ್ತಿಕೊಂಡು ಶುರು ಮಾಡುತ್ತಿದ್ದ. ಅವನ ಕತೆಗಳಲ್ಲಿ ರಾಜರಿಗಿಂತ ಹಗೇವುಗಳೇ ಹೆಚ್ಚು. ಹಗೇವು ಅಂದರೆ ನೆಲದೊಳಗೆ ತೋಡಿ ಕಾಳು ತುಂಬಿ ಮುಚ್ಚುವ ಕಣಜ. "ಕ್ವಾಟಿ ಬೀಳೂದು ಗ್ವಾಡಿ ಒಡದಲ್ಲ ತಮ್ಮಾ, ಹಗೇವು ಬರಿದಾಗಿ" ಎನ್ನುತ್ತಿದ್ದ. ನನಗೆ ನಾಲ್ಕು ಮಾತು ಬಂದಿದ್ದರೆ ಅವನ ಮಗ್ಗುಲಲ್ಲಿ ಕೂತು ಬಂದದ್ದು. ಅವನ ಈ ಮಾತೊಂದು ಮಾತ್ರ ನನ್ನ ಪಾಲಿಗೆ ತಿರುವುಮುರುವಾಗಿ ಬಂತು. ಅದನ್ನು ಹೇಳುತ್ತೇನೆ.

ಆಟವನ್ನು ನಮ್ಮ ಫೋನುಗಳಿಗೆ ಹಾಕಿಕೊಟ್ಟವಳು ಅಕ್ಕನ ಮಗಳು. ಒಂದು ಪಂಚಮಿಗೆ ಅಕ್ಕನನ್ನು ಕರೆತಂದಿದ್ದೆ. ಜೋಳದ ಅರಳು, ನಮ್ಮ ಮಾತಿನಲ್ಲಿ ಅಳ್ಳು, ಹುರಿದು, ಎಳ್ಳುಂಡಿ ಶೇಂಗಾದುಂಡಿ ಕಟ್ಟಿ, ಎಲ್ಲರ ಕೈಯೂ ಜಿಡ್ಡಾಗಿದ್ದವು. ಆ ಹುಡುಗಿ ಮತ್ತು ನನ್ನ ಮಗ ಅದಾಗಲೇ ಬಳಗದಲ್ಲಿದ್ದವರು. ಇಬ್ಬರೂ ಸೇರಿ ನಮ್ಮಿಬ್ಬರಿಗೂ ಕೋಟೆ ಕಟ್ಟಿಸಿದರು. ಅಕ್ಕನಿಗೆ ಬಾವುಟಕ್ಕೆ ಚಿತ್ರ ಆರಿಸು ಎಂದರೆ, ಸಿಂಹ ಬೇಡ, ಹದ್ದು ಬೇಡ, ಗಿಳಿಯ ಮೇಲೆ ಬೆರಳಿಟ್ಟಳು. ಸಣ್ಣಾಕಿ ಇದ್ದಾಗ ಓಡಿಸಿ ಓಡಿಸಿ ಸಾಕಾಗಿದೆ, ಈಗ ಅದೇ ಬಂದು ನನ್ನ ಮನೆ ಕಾಯಲಿ ಎಂದಳು. ಬಂಡೆಗಲ್ಲಿನ ರಕ್ಕಸನನ್ನು ಕಂಡು ಬಹಳ ಹೊತ್ತು ನಕ್ಕಳು. "ಊಟಕ್ಕ ಕರೀಲಿಲ್ಲಂತ ಸಿಟ್ಟಾಗಿ ಕುಂತ ಬೀಗರಂಗ ಅದಾನ ನೋಡ" ಎಂದಳು. ಅಂದಿನಿಂದ ಆಟದ ರಕ್ಕಸರಿಗೆಲ್ಲ ನಮ್ಮ ಮನೆಯಲ್ಲಿ ಬೀಗರು ಎಂದೇ ಹೆಸರು.

ಒಂದು ಮಾತಿಗೆ ಮಾತ್ರ ಅಕ್ಕ ಒಪ್ಪಲಿಲ್ಲ. ಇನ್ನೊಬ್ಬರ ಕೋಟೆ ದೋಚಲು ದಂಡು ಕಳಿಸುವುದಿಲ್ಲ ಎಂದುಬಿಟ್ಟಳು. ನನ್ನ ಮಗ ತಿಳಿಸಿ ಹೇಳಲು ನೋಡಿದ.

"ಅತ್ತಿ, ಅಟ್ಯಾಕ್ ಮಾಡದಿದ್ರ ಲೆವೆಲ್ ಏರಂಗಿಲ್ಲ."

"ಏರದಿದ್ರ ಇಲ್ಲೇ ಇರ್ತೀನಿ. ಮ್ಯಾಲೆ ಹೋಗಿ ಏನ್ ಮಾಡೂದದ?"

ಹಾಗೆ ಅವಳು ಇದ್ದ ಸಣ್ಣ ಕೋಟೆಯನ್ನೇ ಕಾಯುತ್ತ ಉಳಿದಳು. ಇಂಗ್ಲಿಷ್ ಬಾರದು, ಚಿತ್ರ ನೋಡಿಯೇ ಎಲ್ಲ. ಚೀಲದ ಚಿತ್ರ ಅಂದರೆ ಕಾಳು, ಕೊಂಬಿನ ಚಿತ್ರ ಅಂದರೆ ಯಾರೋ ಬಂದರು. ಆದರೆ ಅವಳ ಗೋಡೆಯ ಮೇಲಿನ ಬಿಲ್ಲುಗಾರರ ಸಾಲು ನೋಡಬೇಕಿತ್ತು. ಸಾಲಿನಲ್ಲಿ ಒಂದು ತೆರಪು ಇರುತ್ತಿರಲಿಲ್ಲ. ಮುತ್ತಿಗೆಗೆ ಬಂದವರು ಸುತ್ತು ಹಾಕಿ, ಬಾಣದ ರುಚಿ ನೋಡಿ, ಹತ್ತಿರದ ಇನ್ನೊಂದು ಕೋಟೆಗೆ ಹೋಗುತ್ತಿದ್ದರು. ಬಹಳ ಸಲ ಆ ಇನ್ನೊಂದು ಕೋಟೆ ನನ್ನದೇ. ಆಗೆಲ್ಲ ಅಕ್ಕ ಸುರಪುರದಿಂದ ಫೋನು ಮಾಡಿ, ಮಲಗಿದ್ದೀ ಏನು ಎಂದು ಕೇಳುತ್ತಿದ್ದಳು.

ಮಾತು ನಿಂತದ್ದು ಮಕ್ಕಳ ಲಗ್ನದಿಂದ. ಅಕ್ಕನ ಮಗಳನ್ನು ನನ್ನ ಮಗನಿಗೆ ತಂದುಕೊಳ್ಳುವುದು, ಅವರಿಬ್ಬರೂ ತೊಟ್ಟಿಲಲ್ಲಿದ್ದಾಗಲೇ ಆದ ಮಾತು. ನಮ್ಮಲ್ಲಿ ಸೋದರಿಕೆ ಅಂದರೆ ಹಾಗೇ. ಅಕ್ಕ ತನ್ನ ಓಣಿಯ ತುಂಬ ಹೇಳಿಕೊಂಡು ಬಂದಿದ್ದಳು, ನನ್ನ ತಮ್ಮನ ಮಗ ನನ್ನ ಅಳಿಯ ಎಂದು. ಕಾಲ ಬಂದಾಗ ಹುಡುಗ, ಒಂದೇ ತಾಟಿನಲ್ಲಿ ಉಂಡು ಬೆಳೆದವಳು, ನನಗೆ ತಂಗಿ ಇದ್ದಂತೆ, ಆಗುವುದಿಲ್ಲ ಎಂದ. ಹುಡುಗಿಯೂ ನನಗೆ ಗುಟ್ಟಾಗಿ ಫೋನು ಮಾಡಿ, ಚಲೋ ಆಯಿತು ಮಾಮಾ, ಆದರೆ ಅವ್ವನ ಮುಂದೆ ಇದನ್ನು ಹೇಳಬೇಡಿ ಎಂದಳು. ನಾನೇ ಸುರಪುರಕ್ಕೆ ಹೋಗಿ ಅಕ್ಕನ ಎದುರು ಕೂತು ವಿಷಯ ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. ಚಹಾ ಮಾಡಿಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಆ ವರ್ಷದ ಪಂಚಮಿಗೆ ಕರೆಯಲು ಹೋದರೆ ಮೈಗೆ ಹುಷಾರಿಲ್ಲ ಎಂದಳು. ಮರುವರ್ಷ ಮಗಳ ಲಗ್ನದ ಗಡಿಬಿಡಿ. ಆ ಲಗ್ನಕ್ಕೆ ನಾವೆಲ್ಲ ಹೋಗಿದ್ದೆವು. ಸೋದರಮಾವನಾಗಿ ನಾನೇ ಹುಡುಗಿಯನ್ನು ಕೈಹಿಡಿದು ಹಸೆಗೆ ತಂದು ನಿಲ್ಲಿಸಿದೆ. ಅಕ್ಕ ಬರ್ರಿ, ಕೂಡ್ರಿ ಎಂದು ಎಲ್ಲರನ್ನೂ ಮಾತಾಡಿಸಿದಂತೆ ನನ್ನನ್ನೂ ಮಾತಾಡಿಸಿದಳು. ಬೆನ್ನಿಗೆ ಬಿದ್ದ ತಮ್ಮನಿಗೆ ಅಕ್ಕ ಬರ್ರಿ ಎಂದರೆ ಆ 'ರಿ' ಎಲ್ಲಿ ಹೋಗಿ ನಾಟುತ್ತದೆ ಎಂಬುದು ಕೇಳಿಸಿಕೊಂಡವನಿಗೇ ಗೊತ್ತು. ಮೂರನೆಯ ವರ್ಷ ಬಸ್ಸು ಹತ್ತುವ ಧೈರ್ಯವೇ ನನಗಾಗಲಿಲ್ಲ.

ಆದರೆ ಲಗ್ನದ ಮರುವಾರದಿಂದ, ಕೇಳದೆಯೇ ಆ ಬಿಲ್ಲುಗಾರರು ಬರಲು ಶುರು ಮಾಡಿದರು.

ನಸುಕಿನಲ್ಲಿ ಅವರನ್ನು ತಿರುಗಿ ಕಳಿಸುವುದು ನನ್ನ ಕೆಲಸ. ಮೊದಲ ದಿನವೇ ನನ್ನ ಬೆರಳು ತಡೆಯಿತು. ಬರಿಗೈಯಲ್ಲಿ ಹೇಗೆ ಕಳಿಸುವುದು? ನಮ್ಮ ಅವ್ವನ ಹತ್ತಿರ ಒಂದು ಕಟ್ಟಳೆ ಇತ್ತು. ಮಂದಿ ಮನೆಯ ಭಾಂಡಿ ಖಾಲಿ ತಿರುಗಬಾರದು. ಬಾಜೂ ಮನೆಯಿಂದ ಪಲ್ಯ ಬಂದ ಬಟ್ಟಲು ಹೋಗುವಾಗ ಅದರಲ್ಲಿ ನಾಲ್ಕು ಹಸಿಮೆಣಸಿನಕಾಯಾದರೂ ಇರಬೇಕು, ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆ. ನನ್ನ ಇಡೀ ವ್ಯಾಪಾರವೇ ಭಾಂಡಿಯದು. ಡಬ್ಬಿಗಳ ಮೇಲೆ ಹೆಸರು ಕೊರೆಯುತ್ತ ಕೂತವನಿಗೆ, ಆ ಡಬ್ಬಿಗಳು ಯಾಕೆ ಕಳೆಯದೆ ಮನೆಮನೆ ತಿರುಗುತ್ತವೆ ಎಂಬುದು ತಿಳಿದ ವಿಷಯ. ಹೆಸರಿನಿಂದಲ್ಲ. ಒಳಗಿನ ಆ ಚಿಟಿಕೆ ಸಕ್ಕರೆಯಿಂದ.

ಹಾಗಾಗಿ ಬಿಲ್ಲುಗಾರರ ಹಿಂದೆ ಒಂದು ಗಾಡಿ ಕಾಳು ಹೂಡಿ ಕಳಿಸಿದೆ. ಸಂಜೆ ಮತ್ತೆ ಬಂದರು. ನಸುಕಿನಲ್ಲಿ ಮತ್ತೊಂದು ಗಾಡಿ. ಅಕ್ಕ ಬೇಡ ಎನ್ನಲಿಲ್ಲ, ತಿರುಗಿ ಕಳಿಸಲಿಲ್ಲ. ಅದೇ ನನಗೆ ದೊಡ್ಡದಾಯಿತು. ಗಾಡಿ ಅವಳ ಬಾಗಿಲಲ್ಲಿ ನಿಂತು, ಬಾಗಿಲು ತೆರೆದು, ಒಳಗೆ ಹೋಗುವುದನ್ನು ನೋಡಿಯೇ ನಾನು ಸ್ನಾನಕ್ಕೆ ಏಳುತ್ತಿದ್ದೆ. ಹೆಂಡತಿ ಒಂದು ದಿನ, ಅಷ್ಟು ಇದ್ದರೆ ಒಂದು ಗಾಡಿ ಜೋಳ ನಿಜವಾಗಿಯೇ ಕಳಿಸಬಾರದೇನು ಎಂದಳು. ಯಾಕೆ ಕಳಿಸಲಾರೆ ಎಂಬುದು ಅವಳಿಗೂ ಗೊತ್ತಿತ್ತು. ಮನೆಯಲ್ಲಿ ಅಕ್ಕನದೊಂದು ಸ್ಟೀಲ್ ಡಬ್ಬಿ ಉಳಿದಿತ್ತು. ಕೊನೆಯ ಪಂಚಮಿಗೆ ಉಂಡಿ ತುಂಬಿ ತಂದದ್ದು. ಮುಚ್ಚಳದ ಮೇಲೆ ಅವಳ ಹೆಸರು, ನಾನೇ ಕೊರೆದದ್ದು. ಖಾಲಿ ಕಳಿಸುವಂತಿಲ್ಲ. ತುಂಬಿ ಕಳಿಸಿದರೆ, ಅಕ್ಕ ಅದನ್ನು ತೆಗೆದುಕೊಂಡು, ಇಲ್ಲಿಗೆ ಲೆಕ್ಕ ಮುಗಿಯಿತು ಎಂದುಬಿಟ್ಟರೆ? ಅದು ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ಇತ್ತು. ಹೆಂಡತಿ ವಾರಕ್ಕೊಮ್ಮೆ ಒರೆಸಿ ಅಲ್ಲಿಯೇ ಇಡುತ್ತಿದ್ದಳು.

ಅಕ್ಕನ ಕೋಟೆ ಬಿದ್ದದ್ದು ಒಂದು ಸಂತೆಯ ದಿನ ಸಂಜೆ. ಹಳ್ಳಿಯಿಂದ ಒಬ್ಬ ತಾಯಿ ಮಗಳ ಲಗ್ನದ ಭಾಂಡಿ ಆರಿಸಲು ಬಂದಿದ್ದಳು. ಕೊಡದ ಕಂಠದ ಮೇಲೆ ನಾನು ಹೆಸರು ಕೊರೆಯುತ್ತಿದ್ದೆ. ಫೋನಿನಲ್ಲಿ ಕೊಂಬು ಊದಿತು. ಅಕ್ಕನ ಬಿಲ್ಲುಗಾರರ ಕೊಂಬು ಗೊತ್ತು, ಸಣ್ಣದು, ಒಂದು ಸಲ ಊದಿ ಸುಮ್ಮನಾಗುತ್ತದೆ. ಇದು ನಿಲ್ಲಲಿಲ್ಲ. ತೆಗೆದು ನೋಡಿದರೆ ಅಕ್ಕನ ಕೋಟೆಯ ಮೂರು ದಿಕ್ಕಿಗೂ ಕೆಂಪು ಬಾವುಟ. ಒಂದು ದೊಡ್ಡ ಬಳಗವೇ ಬಂದು ಕೂತಿತ್ತು. ಮತ್ತು ಅಕ್ಕನ ಗೋಡೆಯ ಮೇಲೆ ತೆರಪುಗಳಿದ್ದವು. ಅಲ್ಲಿರಬೇಕಾದ ಬಿಲ್ಲುಗಾರರು ಆಗತಾನೇ ನನ್ನ ಅಂಗಳಕ್ಕೆ ಬಂದು ನನ್ನ ಕಾಳು ಉಣ್ಣಲು ಕೂತಿದ್ದರು.

ಅವರನ್ನು ಎಬ್ಬಿಸಿ ಕಳಿಸಿದೆ. ನನ್ನಲ್ಲಿದ್ದ ಬೀಗರನ್ನೆಲ್ಲ ಹಿಂದೆ ಅಟ್ಟಿದೆ. ಆದರೆ ಆಟದಲ್ಲಿ ಸೈನ್ಯ ಹಾರಿ ಹೋಗುವುದಿಲ್ಲ, ನಡೆದು ಹೋಗಬೇಕು. ಹಸಿರು ಸಾಲು ಹಳ್ಳದ ದಡಕ್ಕೆ ಬಂತು. ಬೀಗರಂತೂ ಕರೆದರೂ ಏಳದ ಜಾತಿ, ಇನ್ನೂ ಬಾಗಿಲಲ್ಲಿದ್ದರು. ನಾನು ಮೈಯೆಲ್ಲ ಬೆರಳಾಗಿ ಪರದೆಯ ಮೇಲೆ ಬಾಗಿದ್ದೆ. ಆ ತಾಯಿ ಎರಡು ಸಲ ಸಾಹುಕಾರ್ರ ಎಂದು ಕರೆದಳಂತೆ. ಮೂರನೆಯ ಸಲ, ಮನೆಯಲ್ಲಿ ಯಾರಿಗಾದರೂ ಏನಾದರೂ ಆಗಿದೆಯೇನ್ರಿ ಎಂದು ಮೆಲ್ಲಗೆ ಕೇಳಿದಳು. ಏನು ಹೇಳಲಿ? ನಮ್ಮ ಅಕ್ಕನ ಮನೆ ಎಂದೆ. ಅವಳು ಬಾಯಿಗೆ ಸೆರಗು ಹಿಡಿದು ನಿಂತಳು.

ಬಿಲ್ಲುಗಾರರು ಹಳ್ಳ ದಾಟುವಷ್ಟರಲ್ಲಿ ಅಕ್ಕನ ಬಾಗಿಲು ಮುರಿಯಿತು. ಆಮೇಲೆ ಕಂಡದ್ದನ್ನು ನಾನು ಮರೆಯಲಾರೆ. ಕೆಂಪು ಬಾವುಟದವರು ಚೀಲ ಹೊರುತ್ತಿದ್ದರು. ಹೊತ್ತರು, ಹೊತ್ತರು, ಮುಗಿಯದಷ್ಟು ಚೀಲ. ಎಲ್ಲವೂ ನಾನು ಕಳಿಸಿದ್ದು. ಅಕ್ಕ ಒಂದು ಹಿಡಿಯನ್ನೂ ಖರ್ಚು ಮಾಡಿರಲಿಲ್ಲ. ಅವಳ ಸಣ್ಣ ಉಗ್ರಾಣದಲ್ಲಿ ಹಿಡಿಸದ ಕಾಳು ಅಂಗಳದಲ್ಲಿ ಒಟ್ಟಿಕೊಂಡು, ದೂರದ ಬುರುಜಿನಿಂದಲೂ ಕಾಣುವಷ್ಟು ದೊಡ್ಡ ರಾಶಿಯಾಗಿತ್ತು. ಕಣದಲ್ಲಿ ರಾಶಿ ಬಿದ್ದರೆ ಹಕ್ಕಿ ಬಾರದಿರುತ್ತವೆಯೇ? ಮುತ್ಯಾ ಹೇಳಿದ್ದು ಹಗೇವು ಬರಿದಾದ ಕೋಟೆಯ ಮಾತು. ಹಗೇವು ತುಂಬಿ ಹೊರಚೆಲ್ಲಿದ ಕೋಟೆಯ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ.

ಹೊಗೆ ಕರಗಿದ ಮೇಲೆ ಅಲ್ಲಿ ಬರೀ ಹುಲ್ಲಿತ್ತು.

ಬಳಗದ ಮುಖಂಡ ಯಾವ ಊರಿನವನೋ, ನಾವು ಯಾರೂ ಕಂಡವರಲ್ಲ. ಇಷ್ಟು ಸಣ್ಣ ಕೋಟೆಗೆ ಅಷ್ಟು ಕಾಳು ತುಂಬಿದ ಜಾಣ ಯಾರು ಎಂದು ಎಲ್ಲರೂ ಓದುವಂತೆ ಬರೆದ. ನಾನೇ ಎಂದು ಬರೆದೆ. ಯಾಕೆ ಎಂದು ಕೇಳಿದ. ಅವನಿಗೆ ನಮ್ಮ ಅವ್ವನ ಬಟ್ಟಲಿನ ಕಟ್ಟಳೆಯನ್ನು ಎಲ್ಲಿಂದ ಶುರು ಮಾಡಿ ಹೇಳುವುದು? ಇತ್ತ ಆ ತಾಯಿಯ ಕೊಡದ ಮೇಲೆ ಮದುಮಗಳ ಹೆಸರು ಅರ್ಧಕ್ಕೇ ನಿಂತಿತ್ತು. ಬೇರೆ ಕೊಡ ಕೊಟ್ಟು ಕಳಿಸಿದೆ. ಹೋಗುವಾಗ ಅವಳು ನಮ್ಮ ಅಕ್ಕನಿಗೆ ದೇವರು ಚಲೋದು ಮಾಡಲಿ ಎಂದು ಹೋದಳು.

ಮರುದಿನದ ಸಂಜೆ ಕೊಂಬು ಊದಲಿಲ್ಲ. ಅದರ ಮರುದಿನವೂ ಇಲ್ಲ, ಮುಂದಿನ ವಾರವೂ ಇಲ್ಲ. ನಾನು ನಕ್ಷೆಯ ಮೇಲೆ ಬೆರಳು ಜರುಗಿಸುತ್ತ ಅಕ್ಕನನ್ನು ಹುಡುಕಿದೆ. ಹೊಲ ಮುಗಿದು, ಕಾಡು ಮುಗಿದು, ಕಪ್ಪು ಬೆಟ್ಟಗಳು ಮುಗಿದು, ಎಲ್ಲ ಬೆಳ್ಳಗೆ ಹಿಮ ಬಿದ್ದ ನೆಲ ಬಂತು. ಅಲ್ಲೊಂದು ಮೂಲೆಯಲ್ಲಿ ಕಟ್ಟಿಗೆಯ ಬೇಲಿ, ಒಂದು ಗುಡಿಸಲು, ಮೇಲೆ ಗಿಳಿಯ ಬಾವುಟ. ಆದರೆ ಬಾವುಟ ಹಸಿರಾಗಿರಲಿಲ್ಲ, ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಹಳ ದಿನ ತೆರೆಯದ ಕೋಟೆಗೆ ಆಟ ಕೊಡುವ ಬಣ್ಣ ಅದು. ಬೇಸಿಗೆಯಲ್ಲಿ ಕಲ್ಲು ಕಾದು ರಾತ್ರಿಯೂ ಆರದ ಸುರಪುರದ ಹೆಣ್ಣುಮಗಳು, ಹಿಮ ಹೇಗಿರುತ್ತದೆಂದು ಕಂಡವಳಲ್ಲ. ಫೋನಿನ ಮೇಲೆ ಅಂಗೈ ಮುಚ್ಚಿ ಬಹಳ ಹೊತ್ತು ಕೂತಿದ್ದೆ. ಬೆಚ್ಚಗಾಗಲಿ ಎಂದೋ ಏನೋ.

ಒಂದು ದಿನ ಅಕ್ಕನ ಮಗಳು ಗಂಡನ ಮನೆಯಿಂದ ಫೋನು ಮಾಡಿದಳು. ತವರಿಗೆ ಹೋಗಿ ಬಂದಿದ್ದಳಂತೆ.

"ಮಾಮಾ, ಅವ್ವ ಆ ಗೇಮ್ ಮುಟ್ಟವಲ್ಲಳು. ಫೋನ್ ಗಡಗಿ ಅಡಕಲಿ ಮ್ಯಾಲ ಇಟ್ಟಾಳ."

"ಏನರ ಅಂದ್ಳೇನು?"

"ನಾ ಹೊಸಾ ಕ್ವಾಟಿ ಕಟ್ಟಿಕೊಡ್ತೀನಿ ಅಂದೆ. ಬ್ಯಾಡ ಅಂದ್ಳು. 'ಅವನ ಕಾಳು ಕಾಯಾಕ ಆಗಲಿಲ್ಲ ನನ್ನ ಕೈಲೆ' ಅಂದ್ಳು. ಅಷ್ಟ ಮಾಮಾ."

ನಾನು ಕೊಟ್ಟೆ ಎಂದುಕೊಂಡಿದ್ದೆ. ಅವಳು, ತಮ್ಮ ನಂಬಿ ಇಟ್ಟಿದ್ದಾನೆ ಎಂದುಕೊಂಡಿದ್ದಳು. ನನ್ನ ಕಾಳಿನ ಸುತ್ತ ಅಷ್ಟು ದಿನ ಅಟ್ಟಣಿಗೆಯ ಮೇಲೆ ನಿಂತಂತೆ ನಿಂತಿದ್ದಳು, ಅರ್ಧ ಬಿಲ್ಲುಗಾರರನ್ನು ನನಗೆ ಕಳಿಸಿ.

ಮನೆಗೆ ಹೋಗಿ ಹಲಗೆಯ ಮೇಲಿನ ಡಬ್ಬಿ ಇಳಿಸು ಎಂದೆ. ಹೆಂಡತಿ ಇಳಿಸಿ ಒರೆಸಿದಳು. ಏನು ತುಂಬುವುದು ಎಂಬುದಕ್ಕೆ ಮಾತ್ರ ವಾದವಾಯಿತು. ಅವಳು ಶೇಂಗಾದ ಹೋಳಿಗೆ ಎಂದಳು. ನಾನು ಅಳ್ಳಿನ ಜೋಳ ಎಂದೆ. ಪಂಚಮಿಗೆ ಅಳ್ಳು ಹುರಿಯಲು ಆಗುವ ಜೋಳ ಬೇರೆಯೇ ಇರುತ್ತದೆ, ಕಾಳು ಸಣ್ಣದು, ಬಿಸಿ ತಾಗಿದರೆ ಮಲ್ಲಿಗೆಯಂತೆ ಅರಳುತ್ತದೆ. ಅವ್ವ ಹೊಲದ ಬದುವಿಗೆ ಹೊಂದಿ ಒಂದೆರಡು ಸಾಲು ಇದನ್ನೇ ಬಿತ್ತಿಸುತ್ತಿದ್ದಳು. ಸಂತೆಯೆಲ್ಲ ತಿರುಗಿ ತಂದೆ. ಪಂಚಮಿ ಇನ್ನೂ ದೂರವಿತ್ತು, ಆಷಾಢದ ಗಾಳಿ ಬೀಸುತ್ತಿತ್ತು.

ಸುರಪುರದ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿನ ಹುಡುಗರು ಹತ್ತಿದರು. ಒಬ್ಬ ಮಗ್ಗುಲಲ್ಲಿ ಕೂತು ಕೋಟೆಯ ಆಟವನ್ನೇ ಆಡುತ್ತಿದ್ದ, ಯಾರದೋ ಬಾಗಿಲು ಮುರಿಯುತ್ತಿದ್ದ. ಕಾಲುವೆಯ ನೀರು ಬಸ್ಸಿನ ಸಂಗಡವೇ ಬರುತ್ತಿತ್ತು. ನಾನು ಹೇಳಬೇಕಾದ ಮಾತನ್ನು ಬಾಯಲ್ಲಿ ಹೊರಳಿಸುತ್ತ ಹೋದೆ. ಸುರಪುರದ ಬಂಡೆಗಳು ಕಂಡಾಗ ಅದೆಲ್ಲ ಮರೆತುಹೋಯಿತು.

ಅಕ್ಕನ ಯಜಮಾನರು ಕಟ್ಟೆಯ ಮೇಲಿದ್ದರು, ಬರ್ರಿ ಎಂದು ಎದ್ದು ಒಳಗೆ ಕೂಗಿ ಹೇಳಿ, ತಾವು ಓಣಿಯ ಕಡೆ ಹೋದರು. ತಿಳಿದವರು. ಅಕ್ಕ ನೀರು ತಂದು ಇಟ್ಟಳು. ನಾನು ಡಬ್ಬಿ ಮುಂದಿಟ್ಟೆ. ಅವಳು ಮುಚ್ಚಳದ ಮೇಲಿನ ತನ್ನ ಹೆಸರನ್ನು ಬೆರಳಿನಿಂದ ಒಮ್ಮೆ ಸವರಿ, ತೆರೆದು, ಕಾಳಿನೊಳಗೆ ಕೈಯಿಟ್ಟಳು. ಒಂದು ಹಿಡಿ ಎತ್ತಿ, ಬೆರಳ ಸಂದಿಯಿಂದ ತಿರುಗಿ ಬಿಟ್ಟಳು.

"ಇದು ನಮ್ಮ ಹೊಲದ್ದಲ್ಲ."

"ಅಲ್ಲ. ಸಂತ್ಯಾಗಿಂದು. ನಮ್ಮ ಹೊಲದಾಗ ಈಗ ಹತ್ತಿ ಅದ."

ಅವಳು ಕಾಳಿನಲ್ಲಿದ್ದ ಒಂದು ಹರಳು ಆರಿಸಿ ಹೊರಗೆ ಒಗೆದಳು. ಲಗ್ನದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ನಮ್ಮಿಬ್ಬರ ನಡುವೆ ಹಾಗೆಯೇ ಇತ್ತು, ಹೊಲದ ನಡುವಿನ ಬಂಡೆ ಇದ್ದಂತೆ. ಅದನ್ನು ಸುತ್ತಿಕೊಂಡು ಉಳುವುದನ್ನು ಕಲಿಯಬೇಕು, ಅಷ್ಟೇ. ಕೊನೆಗೆ ಅವಳೇ ಕೇಳಿದಳು.

"ನಿನ್ನ ಕ್ವಾಟಿ ಅದನೋ, ಅದೂ ಹೋತೋ?"

"ಅದ. ನಿನ್ನ ಜಾಗಾನೂ ಅದ ಅಕ್ಕ. ಹುಲ್ಲು ಬೆಳದದ. ಬ್ಯಾರೆದವರು ಬಂದು ಕಟ್ಟಬಾರದಂತ ನನ್ನ ಮಂದೀನ ಅಲ್ಲಿ ನಿಲ್ಲಿಸೀನಿ. ಕಾಯಾಕತ್ತೇನಿ."

"ನೀ ಕಾಯಾಕತ್ತಿ?" ಅಕ್ಕ ಮೊದಲ ಸಲ ನನ್ನ ಮುಖ ನೋಡಿದಳು. "ಅಟ್ಟಣಗಿ ಬುಡಕ ಬಾಯಿ ತಕ್ಕೊಂಡು ಮಲಗಾಂವ. ಗಿಳಿ ಬಂದು ನಿನ್ನ ಮಜ್ಜಿಗಿ ಚರಗಿ ಮ್ಯಾಲೆ ಕುಂತರೂ ಎಚ್ಚರಿರತಿರಲಿಲ್ಲ."

ಇಬ್ಬರೂ ನಕ್ಕೆವು. ಆ ನಗುವಿನಲ್ಲಿ 'ರಿ' ಇರಲಿಲ್ಲ. ಅದೇ ಧೈರ್ಯದ ಮೇಲೆ, ಪಂಚಮಿಗೆ ಬಾ ಅಕ್ಕ ಎಂದೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಹಾಕಿ ಬಿಗಿ ಮಾಡಿದಳು.

"ಈಗ ನೀ ಡಬ್ಬಿ ಕೊಡಾಕ ಬಂದೀಯೋ, ಕರಿಯಾಕ ಬಂದೀಯೋ?"

"ಎರಡಕ್ಕೂ."

"ಎರಡು ಕೆಲಸಕ್ಕ ಒಂದ ಬಸ್ಸಿಗೆ ಬರ್ತಾರೇನೋ? ತವರವರು ಕರಿಯಾಕ ಬರೂದಂದ್ರ ಅದಕ್ಕಂತ ಬರಬೇಕು."

ಇಷ್ಟು ಹೇಳಿ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಉಂಡೆ. ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು, ಅವ್ವನ ಕೈಯ ಖಾರ. ಹೊರಟಾಗ ಡಬ್ಬಿ ತಿರುಗಿ ಬರಲಿಲ್ಲ. ಅದು ಅವಳದೇ ಡಬ್ಬಿ, ಬರಬೇಕೆಂದೇನೂ ಇಲ್ಲ. ಆದರೆ ಬಸ್ಸಿನಲ್ಲಿ ಬರಿಯ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಾಗ ಹೊಳೆಯಿತು. ಇಷ್ಟು ದಿನ ಅವಳದೊಂದು ವಸ್ತುವಾದರೂ ನನ್ನ ಮನೆಯಲ್ಲಿತ್ತು. ಈಗ ಅದೂ ಇಲ್ಲ. ಕಾಳು ಅವಳ ಮನೆಯಲ್ಲಿದೆ. ಅದು ಅರಳುವುದು ಯಾವ ಒಲೆಯ ಮೇಲೆ ಎಂಬುದು ಮಾತ್ರ ಗೊತ್ತಿಲ್ಲ.

ಇದೆಲ್ಲ ಆಗಿ ಈಗ ಕೆಲವು ದಿನ. ಅಮಾವಾಸ್ಯೆ ಕಳೆದು ಶ್ರಾವಣ ಹತ್ತಿದೆ. ಹೆಂಡತಿ ಗುಳೇದಗುಡ್ಡದ ಕುಪ್ಪಸದ ಖಣ ತಂದು ಅರಿಶಿನ ಹಚ್ಚಿ ಇಟ್ಟಿದ್ದಾಳೆ. ನಾಳೆ ಮೊದಲ ಬಸ್ಸಿಗೆ ಅದೊಂದನ್ನೇ ಹಿಡಿದು ಸುರಪುರಕ್ಕೆ ಹೋಗುವವನಿದ್ದೇನೆ, ಕರೆಯಲೆಂದೇ. ಅಕ್ಕ ಬರುತ್ತೇನೆ ಎಂದಿಲ್ಲ. ಬರುವುದಿಲ್ಲ ಎಂದೂ ಅಂದಿಲ್ಲ.

ಇವತ್ತು ಸಂಜೆ ದೀಪ ಹಚ್ಚಿ ಫೋನು ತೆಗೆದೆ. ರೂಢಿಯಂತೆ ಮೊದಲು ಪಕ್ಕದ ಹುಲ್ಲಿನ ಜಾಗ ನೋಡಿದೆ, ನನ್ನ ಮಂದಿ ನಿಂತಿದ್ದರು. ಆಮೇಲೆ ಬೆರಳು ಜರುಗಿಸಿ ಹಿಮದ ಮೂಲೆಗೆ ಹೋದೆ. ಬೇಲಿಯ ಬಾಗಿಲು ತೆರೆದಿತ್ತು. ಬಾವುಟ ಹಸಿರಾಗಿತ್ತು. ಬೆಳ್ಳನೆಯ ನೆಲದ ಮೇಲೆ ಬಿಲ್ಲುಗಾರರ ಒಂದು ಸಣ್ಣ ಸಾಲು ನನ್ನ ಕಡೆಗೆ ಹೊರಟಿತ್ತು. ಕಪ್ಪು ಬೆಟ್ಟ ದಾಟಬೇಕು, ಕಾಡು ದಾಟಬೇಕು, ಹಳ್ಳ ದಾಟಬೇಕು. ಬಹಳ ದೂರದ ದಾರಿ. ಅಂಗಡಿಯ ಬಾಗಿಲು ಹಾಕುವ ಹೊತ್ತಾದರೂ ಅವರು ಇನ್ನೂ ಹಿಮದಲ್ಲಿಯೇ ಇದ್ದರು, ನಡೆಯುತ್ತಿದ್ದರು. ನಾನು ನನ್ನ ಕೋಟೆಯ ಬಾಗಿಲನ್ನು ಈಗಲೇ ತೆರೆದಿಟ್ಟು ಮನೆಗೆ ಬಂದೆ.